ರಿಪೋರ್ಟ್ ಕ್ಲೀನ್ ಬಂತು, ಮುಂದೇನು?

ಬಗ್ ಕಾಣ್ತಿಲ್ಲ ಅಂದ್ರೆ ಬಗ್ ಹೋಯ್ತು ಅಂತಲ್ಲ. ಲ್ಯಾಬ್‌ನಲ್ಲಿ ಏಟು ತಿಂದು ನಾವೆಲ್ಲ ಕಲಿತದ್ದಿದು. ಆದ್ರೆ ನಮ್ಮ ಗೆಳೆಯನ ದೊಡ್ಡಪ್ಪನ ವಿಷಯದಲ್ಲಿ ನಾವೇ ಇದನ್ನ ಮರೆತ್ವಿ. ಅವರಿಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಕೀಮೋ ಆದ ಮೇಲೆ ಗಡ್ಡೆ ಕಾಣ್ತಿಲ್ಲ ಅಂತ ರಿಪೋರ್ಟ್ ಬಂದ ದಿನ ಹಾಸ್ಟೆಲ್‌ನಲ್ಲಿ ಪಾರ್ಟಿ ಕೇಳಿದ್ವಿ. ಡಾಕ್ಟರ್ ಮಾತ್ರ ಇನ್ನೂ ಆರೇಳು ವಾರ ರೇಡಿಯೇಷನ್ ಬೇಕು ಅಂದ್ರು. "ವಾಸಿ ಆಯ್ತಲ್ಲ, ಮತ್ಯಾಕೆ ಕರೆಂಟ್ ಕೊಡಿಸೋದು?" ಅಂತ ಮನೆಯವರ ಪ್ರಶ್ನೆ.

ಸ್ಕ್ಯಾನ್ ಕೂಡ ಒಂದು ಸೆನ್ಸರ್ ತಾನೆ, ಅದರ ರೆಸಲ್ಯೂಷನ್‌ಗೂ ಮಿತಿ ಇದೆ. ಕಣ್ತಪ್ಪಿಸಿಕೊಳ್ಳುವಷ್ಟು ಪುಟ್ಟ ಗಡ್ಡೆಯಲ್ಲೂ ಲಕ್ಷಗಟ್ಟಲೆ ಜೀವಕೋಶಗಳಿರ್ತವೆ. ಗಂಟಲಿನ ಕ್ಯಾನ್ಸರ್ ತೀರಾ ಶುರುವಿನಲ್ಲೇ ಸಿಕ್ಕರೆ ಸಾಮಾನ್ಯವಾಗಿ ರೇಡಿಯೇಷನ್ ಅಥವಾ ಸರ್ಜರಿ, ಎರಡರಲ್ಲೊಂದು ಸಾಕು. ಸ್ವಲ್ಪ ಬೆಳೆದಿದ್ದರೆ ಮೊದಲು ಕೀಮೋ ಕೊಟ್ಟು ಎಷ್ಟು ಕರಗುತ್ತೆ ಅಂತ ನೋಡೋದುಂಟು. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳು, ಕಾಯಿಲೆ ಮುಂದುವರಿದಿದ್ದ 332 ಜನರಲ್ಲಿ ಇದನ್ನ ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದ್ವು. ಅರ್ಧ ಜನಕ್ಕೆ ನೇರವಾಗಿ ಆಪರೇಷನ್, ಆಮೇಲೆ ರೇಡಿಯೇಷನ್. ಉಳಿದವರಿಗೆ ಮೊದಲು ಕೀಮೋ. ಕರಗಿದರೆ ರೇಡಿಯೇಷನ್, ಕರಗದಿದ್ದರೆ ಆಪರೇಷನ್. ಎರಡು ವರ್ಷಕ್ಕೆ ಎರಡೂ ಗುಂಪಲ್ಲಿ ಬದುಕಿದ್ದವರು 68%. ಕೀಮೋ ಗುಂಪಲ್ಲಿ 64% ಜನರ ಧ್ವನಿಪೆಟ್ಟಿಗೆ ಉಳಿದಿತ್ತು. ಗಮನಿಸಿ, ಗಡ್ಡೆ ಕರಗಿದವರನ್ನೂ ಹಾಗೇ ಮನೆಗೆ ಕಳಿಸಲಿಲ್ಲ.

ಹಾಗಾಗಿ ಡಾಕ್ಟರ್ ಹೇಳಿದ್ದೇ ಸರಿ ಅನ್ನೋದು ನಮ್ಮ ಅಭಿಪ್ರಾಯ. ನಮ್ಮ ತಕರಾರು ಬೇರೆ. ಇಷ್ಟೆಲ್ಲ ಚರ್ಚೆ ನಡೆದದ್ದು ಆಸ್ಪತ್ರೆಯ ಕಾರಿಡಾರ್‌ನಲ್ಲಿ ಮತ್ತು ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ನಲ್ಲಿ. ದೊಡ್ಡಪ್ಪ ಎರಡೂ ಕಡೆ ಇರಲಿಲ್ಲ! "ಅವರಿಗೆ ಯಾಕೆ ಟೆನ್ಷನ್" ಅಂತೆ. ರೇಡಿಯೇಷನ್ ಸುಮ್ನೆ ಅಲ್ಲ, ಬಾಯಿ ಒಣಗುತ್ತೆ, ನುಂಗೋಕೆ ನೋವು, ದನಿ ಒಡೆಯುತ್ತೆ. ಅನುಭವಿಸೋರು ಅವರೇ. 1981ರಲ್ಲಿ ಅಮೆರಿಕದ ಸಂಶೋಧಕರು 37 ಆರೋಗ್ಯವಂತರನ್ನ, ಅಗ್ನಿಶಾಮಕದವರು ಮತ್ತು ಮ್ಯಾನೇಜರ್‌ಗಳನ್ನ, ಕೇಳಿದ್ದರು: ಬದುಕುವ ಸಾಧ್ಯತೆ ಸ್ವಲ್ಪ ಕಮ್ಮಿಯಾದರೂ ದನಿ ಉಳಿಸಿಕೊಳ್ತೀರಾ? ಸುಮಾರು ಐದರಲ್ಲಿ ಒಬ್ಬರು ಹೂಂ ಅಂದಿದ್ದರು. ಯಾರು ಹಾಗಂತಾರೆ ಅಂತ ಕೇಳದೆ ಗೊತ್ತಾಗಲ್ಲ.

ಕೊನೆಗೆ ಕೇಳಿದ್ದು ದೊಡ್ಡಮ್ಮ. ದೊಡ್ಡಪ್ಪ ಬಸ್ ಕಂಡಕ್ಟರ್. "ಮತ್ತೆ ಟಿಕೆಟ್ ಟಿಕೆಟ್ ಅಂತ ಕೂಗೋಕಾಗುತ್ತಾ?" ಅಂತ ಡಾಕ್ಟರನ್ನೇ ಕೇಳಿದ್ರಂತೆ. ಕೆಲವು ತಿಂಗಳು ಕಷ್ಟ, ಆಮೇಲೆ ನೋಡೋಣ ಅಂದ್ರು. ಸೋಮವಾರದಿಂದ ಶುರು ಮಾಡಿ ಅಂತ ದೊಡ್ಡಪ್ಪನೇ ಹೇಳಿದ್ರು.