ಕಚೇರಿ ಗಡಿಯಾರಕ್ಕೆ ಗೊತ್ತಾದ ಬಿಸಿಲು ಕಿಟಕಿಗೆ ಯಾಕೆ ಗೊತ್ತಿಲ್ಲ?

ಪ್ರತಿ ವರ್ಷ ಬೇಸಿಗೆ ಹತ್ತಿರ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗೆ ಒಂದು ಸರ್ಕಾರಿ ಆದೇಶ ಬರುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ನಾನು ಅದನ್ನು ಎರಡು ಕಾಲಂ ಸುದ್ದಿ ಮಾಡಿ ಕಳಿಸುತ್ತೇನೆ. ಜೊತೆಗೊಂದು ಫೋಟೋ, ಕಲ್ಲಂಗಡಿ ಅಂಗಡಿಯದ್ದು ಇಲ್ಲವೇ ತಲೆಗೆ ಟವೆಲ್ ಸುತ್ತಿಕೊಂಡ ಬೈಕ್ ಸವಾರನದ್ದು. ಶೀರ್ಷಿಕೆಯನ್ನು ಡೆಸ್ಕಿನವರು ಬರೆಯುತ್ತಾರೆ, ಅದರಲ್ಲಿ 'ಬಸವಳಿದ' ಎನ್ನುವ ಪದ ಇದ್ದೇ ಇರುತ್ತದೆ.

ಆದೇಶದ ಬಗ್ಗೆ ನನ್ನ ತಕರಾರಿಲ್ಲ. ಈ ಭಾಗದ ಬಿಸಿಲು ಬೆಂಗಳೂರಿನ ಬಿಸಿಲಲ್ಲ ಎಂದು ಸರ್ಕಾರವೇ ಸಹಿ ಹಾಕಿ ಒಪ್ಪಿಕೊಂಡ ಕಾಗದ ಅದು. ನನ್ನ ಪ್ರಶ್ನೆ ಒಂದೂವರೆ ಗಂಟೆಯ ನಂತರದ್ದು. ಕಚೇರಿ ಬಂದ್ ಆದ ಮೇಲೆ ನೌಕರ ಎಲ್ಲಿಗೆ ಹೋಗಬೇಕು? ಮನೆಗೆ. ಹೊಲದಿಂದ ಕೂಲಿಯವರು ಇನ್ನೂ ಮೊದಲೇ ಬಂದಿರುತ್ತಾರೆ. ಮಕ್ಕಳು, ಮುದುಕರು, ಬಾಣಂತಿಯರು ಬೆಳಗಿನಿಂದ ಅಲ್ಲೇ ಇರುತ್ತಾರೆ. ಆ ಮನೆಯ ಪಶ್ಚಿಮದ ಗೋಡೆಗೆ ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಮೇಲೆ ಒಂದೂವರೆ ಅಡಿಯ ಸಜ್ಜಾ, ಕೆಲವು ಮನೆಗೆ ಅದೂ ಇಲ್ಲ, 'ಎಲಿವೇಷನ್' ಕೆಡುತ್ತದಂತೆ.

ಬೇರೆಯವರ ಮನೆ ಯಾಕೆ, ನಮ್ಮದನ್ನೇ ಹೇಳುತ್ತೇನೆ. ಅಪ್ಪ ಕಟ್ಟಿಸಿದ ಮನೆ. ಎರಡು ವರ್ಷದ ಹಿಂದೆ ಮರದ ಕಿಟಕಿಗಳಿಗೆ ಗೆದ್ದಲು ಹತ್ತಿತು. ಬಡಿಗೇರರನ್ನು ಕೇಳಿದರೆ ಕಟ್ಟಿಗೆಯ ರೇಟು ಕೇಳಿಯೇ ಎದೆ ಧಸಕ್ಕೆಂದಿತು. ಫ್ಯಾಬ್ರಿಕೇಷನ್ ಅಂಗಡಿಗೆ ಹೋದೆ. "ಈಗ್ಯಾರ್ರೀ ಸರ್ ಕಟಿಗಿ ಕಿಡಕಿ ಹಾಕಸ್ತಾರ? ಸ್ಲೈಡಿಂಗ್ ಹಾಕಸ್ರಿ, ಮನಿಗೊಂದು ಲುಕ್ ಬರ್ತದ" ಅಂದ. ಲುಕ್ ಬಂತು. ಮೊದಲ ಮಾರ್ಚಿನಲ್ಲೇ ಅವ್ವ ತನ್ನ ಹಾಸಿಗೆಯನ್ನು ಆ ಕೋಣೆಯಿಂದ ಪಡಸಾಲೆಗೆ ಎಳೆದುಕೊಂಡಳು. ಅವಳ ವರದಿ ನನ್ನದಕ್ಕಿಂತ ಚಿಕ್ಕದು: "ಈ ಕಿಡಕಿ ನೋಡ್ಲಿಕ್ಕ ಅದ, ಗಾಳಿಗಲ್ಲ."

ಅವಳು ಹೇಳಿದ್ದು ಲೆಕ್ಕದಲ್ಲೂ ಸರಿ. ಎರಡು ಪಲ್ಲೆಯ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಪಲ್ಲೆ ಸರಿಸಿದರೆ ಅದು ಇನ್ನೊಂದರ ಹಿಂದೆ ಹೋಗಿ ನಿಲ್ಲುತ್ತದೆ. ನಾವು ಹದಿನಾರು ಚದರಡಿಗೆ ದುಡ್ಡು ಕೊಟ್ಟು ಎಂಟು ಚದರಡಿ ಗಾಳಿ ತಂದಿರುತ್ತೇವೆ. ಸೊಳ್ಳೆ ಜಾಲರಿ ಎಳೆದರೆ ಅದರಲ್ಲೂ ಕಡಿತ. ಬಾಗಿಲಿನ ಹಾಗೆ ಹೊರಕ್ಕೆ ತೆರೆಯುವ ಹಳೆಯ ನಮೂನೆಯ ಕಿಟಕಿಯಲ್ಲಿ ಅದೇ ಅಳತೆಗೆ ಹದಿನಾಲ್ಕು ಚದರಡಿಗಿಂತ ಹೆಚ್ಚು ತೆರವು ಸಿಗುತ್ತದೆ. ಒಣ ಬಿಸಿಲಿನ ಪ್ರದೇಶದಲ್ಲಿ ಕೋಣೆಯ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗವಾದರೂ ತೆರೆಯುವಂತಿರಬೇಕು ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಮನೆಗಳಿಗಾಗಿ ತಂದ ಇಕೋ ನಿವಾಸ್ ಸಂಹಿತಾ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಎಂದರೆ ಹನ್ನೆರಡು ಚದರಡಿ ಬೇಕು. ನಮ್ಮ ಕೋಣೆಯಲ್ಲಿ ಎಂಟು. ಹೊಸ ಕಿಟಕಿ ಹಾಕಿಸುವ ಮೊದಲು ಪಾಸಾಗಿದ್ದ ಕೋಣೆಯನ್ನು ನಾನೇ ದುಡ್ಡು ಕೊಟ್ಟು ಫೇಲ್ ಮಾಡಿಸಿದೆ.

ಈ ಸಂಹಿತೆಯ ತಮಾಷೆ ಇನ್ನೊಂದಿದೆ. ಕಿಟಕಿಯ ಗಾಜು, ಗೋಡೆಯಿಂದ ಒಳಬರುವ ಶಾಖ, ತೆರವಿನ ಅಳತೆ ಎಲ್ಲವನ್ನೂ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಅದು ಲಾಗೂ ಆಗುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಕ್ಕೆ. ನಮ್ಮೂರಲ್ಲಿ ಸೈಟ್ ಅಂದರೆ ಮೂವತ್ತು-ನಲವತ್ತು, ಅಂದರೆ 111 ಚದರ ಮೀಟರ್. ನಾಲ್ಕು ಸೈಟ್ ಕೂಡಿಸಿ ಒಂದೇ ಮನೆ ಕಟ್ಟಿದರೂ ಸಂಹಿತೆಯ ಹೊಸ್ತಿಲು ಮುಟ್ಟುವುದಿಲ್ಲ. ಅಷ್ಟು ದೊಡ್ಡ ಜಾಗ ಇದ್ದವನು ಎಸಿ ಹಾಕಿಸಿಕೊಳ್ಳುತ್ತಾನೆ. ಕಾನೂನು ಬೇಕಾದದ್ದು ಫ್ಯಾನಿನ ಕೆಳಗೆ ಮಲಗುವವರಿಗೆ, ಬರೆದದ್ದು ಎಸಿಯವರಿಗೆ.

ಗಾಜಿನ ವಿಷಯಕ್ಕೆ ಬರೋಣ. ಮೇ ಮೊದಲ ವಾರದ ಹೊತ್ತಿಗೆ ರಾಯಚೂರಿನಲ್ಲಿ ಮಧ್ಯಾಹ್ನದ ಸೂರ್ಯ ನಡು ನೆತ್ತಿಯ ಮೇಲಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ, ಚಿಕ್ಕ ಸಜ್ಜಾ ಸಾಕು. ಕಾಟ ಶುರುವಾಗುವುದು ಮೂರು ಗಂಟೆಯ ಮೇಲೆ, ಸೂರ್ಯ ಪಶ್ಚಿಮಕ್ಕೆ ಇಳಿದು ಓರೆಯಾಗಿ ನುಗ್ಗುವಾಗ. ಇಳಿಬಿಸಿಲನ್ನು ತಲೆ ಮೇಲಿನ ಸಜ್ಜಾ ತಡೆಯುವುದಿಲ್ಲ, ಟೋಪಿ ಹಾಕಿಕೊಂಡರೂ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದಲ್ಲ, ಹಾಗೆ. ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಒಳಗೆ ಬಿಡುತ್ತದೆ. ನಾಲ್ಕಡಿ ಚೌಕದ ಒಂದು ಕಿಟಕಿಯಿಂದ ಬೇಸಿಗೆಯ ಸಂಜೆ ನಾಲ್ಕರ ಹೊತ್ತಿಗೆ ಬರುವ ಶಾಖವನ್ನು ಲೆಕ್ಕ ಹಾಕಿದರೆ ಸುಮಾರು 600 ವ್ಯಾಟ್. ಕೋಣೆಯ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟು ಮೇಲೆ ಫ್ಯಾನ್ ತಿರುಗಿಸಿದ ಹಾಗೆ. ಪರದೆ ಹಾಕುತ್ತೇವೆ ಅನ್ನುತ್ತೀರಿ. ಒಳಗಿನ ಪರದೆಗೆ ಬಿಸಿಲು ಮುಟ್ಟುವ ಹೊತ್ತಿಗೆ ಅದು ಗಾಜು ದಾಟಿ ಆಗಿರುತ್ತದೆ. ಪರದೆ ಕಾಯುತ್ತದೆ, ಆ ಶಾಖ ಗಾಜಿನಿಂದ ಸಲೀಸಾಗಿ ಹೊರಹೋಗುವುದಿಲ್ಲ. ಬಿಸಿಲನ್ನು ತಡೆಯಬೇಕಾದದ್ದು ಗಾಜಿನ ಹೊರಗೆ. ಮರದ ಕಿಟಕಿಯ ಪಲ್ಲೆಯನ್ನು ಹೊರಗಿನಿಂದ ಮುಚ್ಚಿದಾಗ ಆಗುತ್ತಿದ್ದದ್ದು ಅದೇ. ನಮ್ಮ ಅಜ್ಜಿಯರು ಹತ್ತು ಗಂಟೆಗೆ ಕಿಡಕಿ ಮುಚ್ಚಿ, ಹೊತ್ತು ಮುಳುಗಿದ ಮೇಲೆ ತೆರೆಯುತ್ತಿದ್ದರು. ಸ್ಲೈಡಿಂಗ್ ಗಾಜನ್ನು ಮುಚ್ಚಿದರೂ ಬಿಸಿಲು ಬರುತ್ತದೆ, ತೆರೆದರೂ ಪೂರಾ ಗಾಳಿ ಬರುವುದಿಲ್ಲ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹಾಡುವವನಲ್ಲ ನಾನು. ಮಾಳಿಗೆ ಮನೆಗಳಲ್ಲಿ ಎಷ್ಟೋ ಅಡುಗೆ ಕೋಣೆಗಳಿಗೆ ಒಂದು ಬೆಳಕಿಂಡಿ ಬಿಟ್ಟರೆ ಏನೂ ಇರಲಿಲ್ಲ, ಹೆಂಗಸರು ಹೊಗೆಯಲ್ಲೇ ಆಯುಷ್ಯ ಕಳೆದರು. ಹುಡುಗಿ ಓದಲು ಕೂತರೆ ಅಕ್ಷರ ಕಾಣುತ್ತಿರಲಿಲ್ಲ. ದೊಡ್ಡ ಕಿಟಕಿ ಬೇಕು ಎಂಬ ಆಸೆ ನ್ಯಾಯವಾದದ್ದು. ಅಲ್ಯೂಮಿನಿಯಂ ಮೇಲೂ ನನಗೆ ದ್ವೇಷವಿಲ್ಲ. ಅದು ಮರಕ್ಕಿಂತ ಸಾವಿರ ಪಟ್ಟು ವೇಗವಾಗಿ ಶಾಖ ದಾಟಿಸುತ್ತದೆ ನಿಜ, ಆದರೆ ಗೆದ್ದಲು ಹತ್ತುವುದಿಲ್ಲ, ಮಳೆಗೆ ಉಬ್ಬುವುದಿಲ್ಲ. ಅದೇ ಅಲ್ಯೂಮಿನಿಯಂನಲ್ಲಿ ಹೊರಕ್ಕೆ ತೆರೆಯುವ ಕಿಟಕಿ ಮಾಡಲು ಬರುತ್ತದೆ. ಅಂಗಡಿಯವರು ಮಾಡುವುದಿಲ್ಲ, ಯಾಕೆಂದರೆ ನಾವು ಕೇಳುವುದಿಲ್ಲ. ನಾವು ಕೇಳುವುದಿಲ್ಲ, ಯಾಕೆಂದರೆ ನಮಗೆ ಯಾರೂ ಹೇಳಿಲ್ಲ. ಇಲ್ಲಿಗೆ ಬಂತು ನಮ್ಮ ಕಸುಬಿನ ತಪ್ಪು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಫಿಟ್ಟಿಂಗ್ ಕಥೆ. ಹಳೆಯ ಚೌಕಟ್ಟನ್ನು ಸುತ್ತಿಗೆಯಿಂದ ಒಡೆದು ತೆಗೆದರು, ಜೊತೆಗೆ ಅರ್ಧ ಪ್ಲಾಸ್ಟರ್ ಬಂತು. ಅಳತೆಯನ್ನು ಹಿಂದಿನ ವಾರ ಒಂದೇ ಕಡೆ ತೆಗೆದುಕೊಂಡು ಹೋಗಿದ್ದರು. ಹಳೆಯ ಗೋಡೆಯ ತೆರವು ಮೇಲೆ ಒಂದು, ನಡುವೆ ಒಂದು, ಕೆಳಗೆ ಒಂದು ಅಳತೆ ಇರುತ್ತದೆ, ಮೂರು ಕಡೆ ಅಳೆದು, ಮೂಲೆಯಿಂದ ಮೂಲೆಗೂ ಅಳೆದು ನೋಡಬೇಕು ಎನ್ನುವುದು ಗೌಂಡಿಗೆ ಗೊತ್ತು, ಇವರಿಗೆ ಗೊತ್ತಿಲ್ಲ. ಒಂದು ಕಡೆ ಬಿಗಿಯಾಗಿ ಬಡಿದು ಕೂರಿಸಿದರು, ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದಿ. ಸಂದಿಗೆ ಹಳೇ ಪೇಪರ್ ತುರುಕಿ ಮೇಲೆ ಸಿಮೆಂಟ್ ಬಳಿದರು. ತುರುಕಿದ್ದು ನಾನು ವರದಿ ಮಾಡುವ ಪತ್ರಿಕೆಯೇ. ನನ್ನ ಸುದ್ದಿ ಮನೆಯೊಂದಕ್ಕೆ ಇಷ್ಟು ನೇರವಾಗಿ ಉಪಯೋಗವಾದದ್ದು ಅದೇ ಮೊದಲು.

ಬಿಸಿಲಿಗೆ ಲೋಹ ಹಿಗ್ಗುತ್ತದೆ. ಐದಡಿ ಅಲ್ಯೂಮಿನಿಯಂ ಪಟ್ಟಿ ಚಳಿಗಾಲದ ಬೆಳಗಿನಿಂದ ಬೇಸಿಗೆಯ ಸಂಜೆಗೆ ನಲವತ್ತು ಡಿಗ್ರಿ ಹೆಚ್ಚು ಕಾದರೆ ಒಂದೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಈಗ ಎಲ್ಲರೂ ಹೊಗಳುವ ಯುಪಿವಿಸಿ ಅದರ ಸುಮಾರು ಮೂರು ಪಟ್ಟು. ಅದಕ್ಕೇ ಚೌಕಟ್ಟಿನ ಸುತ್ತ ಸಮನಾದ ಸಣ್ಣ ಸಂದಿ ಬಿಟ್ಟು, ಅದನ್ನು ಎಳೆದರೆ ಹಿಗ್ಗುವ ಸೀಲಂಟಿನಿಂದ ಮುಚ್ಚಬೇಕು. ನಮ್ಮ ಮನೆಗೆ ಹಚ್ಚಿದ್ದು ಹುಳಿ ವಾಸನೆಯ ಅಗ್ಗದ ಸಿಲಿಕಾನ್. ಅದು ಗಾಜಿಗೆ ಹಿಡಿಯುತ್ತದೆ, ಸಿಮೆಂಟಿಗೆ ನೆಟ್ಟಗೆ ಹಿಡಿಯುವುದಿಲ್ಲ, ಧೂಳು ಒರೆಸದೆ ಹಚ್ಚಿದರಂತೂ ಒಂದು ಬೇಸಿಗೆಗೆ ಸಿಪ್ಪೆಯ ಹಾಗೆ ಏಳುತ್ತದೆ. ಕೆಳಗಿನ ಹಳಿಯಲ್ಲಿ ನೀರು ಹೊರಹೋಗಲು ಇದ್ದ ತೂತುಗಳನ್ನು ಸಿಮೆಂಟ್ ಬಳಿಯುವಾಗ ಮುಚ್ಚಿಬಿಟ್ಟರು. ಏಪ್ರಿಲಿನಲ್ಲಿ ಸಂದಿಯಿಂದ ಧೂಳು, ಜೂನಿನಲ್ಲಿ ಹಳಿಯಿಂದ ನೀರು. ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನವರು, ದಿನಕ್ಕೆ ನಾಲ್ಕು ಮನೆ ಮುಗಿಸಬೇಕು, ಹೇಳಿಕೊಟ್ಟವರಿಲ್ಲ. ಮನೆಯ ವೈರಿಂಗಿಗೆ ಲೈಸೆನ್ಸ್ ಇದ್ದವನು ಬೇಕು ಎನ್ನುತ್ತೇವೆ. ವರ್ಷಕ್ಕೆ ನಾಲ್ಕು ತಿಂಗಳು ಮನೆಯನ್ನು ಒಲೆಯಾಗಿಸುವ ತೂತಿಗೆ ಯಾರಾದರೂ ನಡೆಯುತ್ತದೆ.

ಮರುಭೂಮಿಯವರು ಏನು ಮಾಡುತ್ತಾರೆ ನೋಡಿ. ಜೈಸಲ್ಮೇರಿನ ಹಳೆಯ ಹವೇಲಿಗಳಲ್ಲಿ ಕಲ್ಲಿನ ಜಾಲಂಧ್ರ, ಹೊರಚಾಚಿದ ಝರೋಖಾ. ತೂತು ಸಣ್ಣದು, ಕಲ್ಲು ದಪ್ಪ, ಗಾಳಿ ಬರುತ್ತದೆ, ನೇರ ಬಿಸಿಲು ಬರುವುದಿಲ್ಲ. ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಲ್ಲಿ ಕಿಟಕಿ ಬದಲಾಯಿಸುವುದೇ ಒಂದು ದೊಡ್ಡ ಕಸುಬು. ಕಿಟಕಿಯ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ: ಈ ಕಿಟಕಿ ಬಿಸಿಲಿನ ಶಾಖವನ್ನು ಎಷ್ಟು ಒಳಬಿಡುತ್ತದೆ, ಗಾಳಿಯ ಶಾಖವನ್ನು ಎಷ್ಟು ದಾಟಿಸುತ್ತದೆ, ಎರಡೂ ಅಂಕಿಯಲ್ಲಿ. ನಮ್ಮಲ್ಲಿ ಸೀಲಿಂಗ್ ಫ್ಯಾನಿಗೂ ಸ್ಟಾರ್ ಕಡ್ಡಾಯವಾಯಿತು. ಕಿಟಕಿ ಕೊಂಡಾಗ ನನಗೆ ಸಿಕ್ಕಿದ್ದು 'ಗಾಜು, 5 ಎಂಎಂ' ಎಂದು ಗೀಚಿದ ಬಿಲ್ಲು.

ಆದರೆ ಫೀನಿಕ್ಸಿನ ಕಿಟಕಿಯನ್ನೇ ತಂದು ಇಲ್ಲಿ ಕೂರಿಸಿದರೂ ಕೆಲಸ ಕೆಟ್ಟಂತೆ. ಅವರದು ಎಸಿ ಮನೆ, ಕಿಟಕಿ ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿರಬೇಕು. ನಮಗೆ ರಾತ್ರಿ ಬೇಕು. ಹಗಲು ಕಾದ ಗೋಡೆ ರಾತ್ರಿ ಉಸಿರಾಡಬೇಕೆಂದರೆ ಕಿಟಕಿ ಪೂರ್ತಿ ತೆರೆಯಬೇಕು, ಜಾಲರಿ ಇರಬೇಕು, ಕಳ್ಳ ಬರದಂತೆ ಸರಳು ಇರಬೇಕು, ಬಿಸಿ ಗಾಳಿ ಮೇಲಿನಿಂದ ಹೋಗಲು ವೆಂಟಿಲೇಟರ್ ಇರಬೇಕು. ಕರೆಂಟ್ ಹೋದ ರಾತ್ರಿ ಈ ನಾಲ್ಕನ್ನು ಬಿಟ್ಟರೆ ಉಳಿಯುವುದು ಮಾಳಿಗೆ ಏರುವುದು. ಮಂಡಿನೋವಿನ ನಮ್ಮ ಅವ್ವ ಏರಲಾರಳು.

ಈಗ ನಮ್ಮ ತಪ್ಪು. ಭಾನುವಾರದ ಪುರವಣಿಯಲ್ಲಿ 'ಕನಸಿನ ಮನೆ' ಬರುತ್ತದೆ, ಅದರಲ್ಲಿ ನೆಲದಿಂದ ತಾರಸಿವರೆಗೆ ಗಾಜಿನ ಫೋಟೋ. ಬೆಂಗಳೂರಿನ ಮನೆ, ಬೆಂಗಳೂರಿನ ಹವೆ, ಮಾರುವುದು ಲಿಂಗಸುಗೂರಿನಲ್ಲಿ. ಕಿಟಕಿಯ ಬಗ್ಗೆ ನಾನೊಂದು ವರದಿ ಕಳಿಸಿದ್ದೆ. "ಕಿಟಕಿಯೂ ಸುದ್ದಿಯೇನ್ರೀ? ಬಿಸಿಲಿಗೆ ಯಾರಾದ್ರೂ ಸತ್ತಿದ್ದರೆ ಕಳಿಸಿ" ಎಂದರು ಡೆಸ್ಕಿನವರು. ಬಿಸಿಲಿನ ಸಾವನ್ನು ನಾವು ರಸ್ತೆಯಲ್ಲಿ, ಹೊಲದಲ್ಲಿ ಮಾತ್ರ ಹುಡುಕುತ್ತೇವೆ. ಕೋಣೆಯೊಳಗೆ ಮಲಗಿದಲ್ಲೇ ಹೋದ ಮುದುಕಿಯನ್ನು 'ವಯಸ್ಸಾಗಿತ್ತು' ಎಂದು ಬರೆದು ಮುಗಿಸುತ್ತೇವೆ, ಬರೆದರೆ.

ಪಂಚಾಯಿತಿ ಮನೆಗಳಿಗೂ ಇದೇ ಗತಿ. ವಸತಿ ಯೋಜನೆಯ ಮನೆಗೆ ತಳಪಾಯ, ಲಿಂಟಲ್, ಚಾವಣಿ ಎಂದು ಹಂತ ಹಂತಕ್ಕೆ ಜಿಪಿಎಸ್ ಫೋಟೋ ತೆಗೆದು ಬಿಲ್ಲು ಮಾಡುತ್ತಾರೆ. ನಾನು ನೋಡಿದ ಯಾವ ಮನೆಯಲ್ಲೂ ಲಿಂಟಲ್ ಫೋಟೋ ತೆಗೆಯುವವರು ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿದ್ದಿಲ್ಲ. ಕೇಳಿದರೆ ಖರ್ಚೇನೂ ಇಲ್ಲ. ಇಟ್ಟಿಗೆ ಇಡುವ ದಿನ ಪಶ್ಚಿಮದ ಕಿಟಕಿಯನ್ನು ಉತ್ತರಕ್ಕೆ ತಿರುಗಿಸುವುದು ಒಂದು ಮಾತಿನ ಕೆಲಸ, ಕಟ್ಟಿದ ಮೇಲೆ ಸಾವಿರಾರು ರೂಪಾಯಿಯ ಕೆಲಸ.

ಕಚೇರಿ ವೇಳೆ ಬದಲಿಸುವ ಆದೇಶಕ್ಕೆ ಇನ್ನೆರಡು ಸಾಲು ಸೇರಿಸಲಿ ಎನ್ನುವುದು ನನ್ನ ಒತ್ತಾಯ. ಈ ಜಿಲ್ಲೆಗಳಲ್ಲಿ ಎಷ್ಟೇ ಚಿಕ್ಕ ಸೈಟಿರಲಿ, ಕಟ್ಟಡ ಪರವಾನಗಿ ಕೊಡುವಾಗ ತೆರೆಯುವ ಭಾಗದ ಅಳತೆ ನೋಡಲಿ. ಪಶ್ಚಿಮದ ಗಾಜಿಗೆ ಹೊರಗಿನ ನೆರಳು ಕಡ್ಡಾಯವಾಗಲಿ. ಅಂಗಡಿಯವನು ಬಿಲ್ಲಿನಲ್ಲಿ ಗಾಜಿನ ಶಾಖದ ಅಂಕಿ ಬರೆಯಲಿ. ಫಿಟ್ಟಿಂಗ್ ಹುಡುಗರಿಗೆ ಐಟಿಐಗಳಲ್ಲಿ ಹದಿನೈದು ದಿನದ ತರಬೇತಿ ಕೊಡಲಿ, ಕೂಲಿ ಕಟ್ಟಿಕೊಟ್ಟು.

ಅಲ್ಲಿವರೆಗೆ ನಮ್ಮ ಮನೆಯದ್ದು ಹೀಗಿದೆ: ಕೃಷಿ ಸಾಮಾನಿನ ಅಂಗಡಿಯಿಂದ ಸಸಿಮಡಿಗೆ ಹಾಕುವ ಹಸಿರು ನೆರಳುಪರದೆ ತಂದು, ಪಶ್ಚಿಮದ ಕಿಟಕಿಯ ಹೊರಗೆ ಗಾಜಿನಿಂದ ಒಂದಡಿ ದೂರಕ್ಕೆ ಬಿದಿರು ಕಟ್ಟಿ ಇಳಿಬಿಟ್ಟಿದ್ದೇನೆ. ಸಿಮೆಂಟ್ ತುಂಬಿದ ತೂತುಗಳನ್ನು ಮೊಳೆಯಿಂದ ಬಿಡಿಸಿದ್ದೇನೆ. ಪಕ್ಕದ ಮನೆಯವರು ಜೋಳದ ದಂಟಿನ ತಟ್ಟಿ ಕಟ್ಟಿಕೊಂಡಿದ್ದಾರೆ, ಅದು ನಮ್ಮದಕ್ಕಿಂತ ತಂಪು. ಅವ್ವ ಇನ್ನೂ ಪಡಸಾಲೆಯಲ್ಲೇ ಮಲಗುತ್ತಿದ್ದಾಳೆ. ಹೊರಕ್ಕೆ ತೆರೆಯುವ ಪಲ್ಲೆ ಮಾಡಿಕೊಡು ಎಂದು ಅದೇ ಅಂಗಡಿಗೆ ಹೋಗಿ ಕೇಳಿದೆ. "ಡೈ ಇಲ್ರೀ ಸರ್, ಹೈದರಾಬಾದ್‌ನಿಂದ ತರಸ್ಬೇಕಾಗ್ತದ. ಇನ್ನಾ ನಾಕ್ ಮಂದಿ ಕೇಳಿದ್ರ ತರಸ್ತೀನಿ" ಅಂದ. ಇಬ್ಬರನ್ನು ಒಪ್ಪಿಸಿದ್ದೇನೆ. ಇನ್ನೂ ಇಬ್ಬರು ಬೇಕು.