‘ಮುರಗೋ’ಗೆ ನಿಂತ ಕೀಬೋರ್ಡು

ಹೊಸ ಕೀಬೋರ್ಡಿನಲ್ಲಿ ಮೊದಲು ನಮ್ಮೂರ ಹೆಸರನ್ನೇ ಬರೆಯೋಣ ಎಂದು ಕುಳಿತೆ. ಮು ಬಂತು, ರ ಬಂತು, ಗೋ ಬಂತು. ಡ ಬರಲಿಲ್ಲ. ಡ ಇರಬೇಕಾದ ಕೀಲಿಯೇ ಅದರಲ್ಲಿ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ತಮ್ಮ ಬಗ್ಗಿ ನೋಡಿ, “ಅಕ್ಕಾ, ಮುರಗೋ ಅಂದ್ರ ಯಾವ ಊರ? ಆಫ್ರಿಕಾದಾಗ ಐತೇನ?” ಎಂದ. ನಗು ಬರಲಿಲ್ಲ. ಯುವನಿಧಿಯ ಒಂದು ತಿಂಗಳ 3,000 ರೂಪಾಯಿಯಲ್ಲಿ 2,300 ಅದಕ್ಕೇ ಹೋಗಿತ್ತು.

ಟ್ಯಾಬ್ಲೆಟ್‌ಗೆ ಕೀಬೋರ್ಡ್ ಕವರ್ ಕೊಳ್ಳುವ ಯೋಚನೆ ನನ್ನ ವಯಸ್ಸಿನ ಬಹಳ ಮಂದಿಗೆ ಬಂದಿರುತ್ತದೆ. 2021ರಲ್ಲಿ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವೇ ಟ್ಯಾಬ್ಲೆಟ್ ಹಂಚಿತ್ತು. ನನ್ನದು ಖಾಸಗಿ ಕಾಲೇಜು, ನನಗೆ ಸಿಗಲಿಲ್ಲ. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಸೋದರಮಾವ 10 ಇಂಚಿನದೊಂದು ಕೊಡಿಸಿದ್ದರು. ಪದವಿ ಮುಗಿಯಿತು, ಟ್ಯಾಬ್ಲೆಟ್ ಉಳಿಯಿತು. ಲ್ಯಾಪ್‌ಟಾಪ್ ಕೊಳ್ಳುವ ಶಕ್ತಿ ಇಲ್ಲ. ಇದಕ್ಕೇ ಕೀಬೋರ್ಡ್ ಅಂಟಿಸಿದರೆ ಅದೇ ಲ್ಯಾಪ್‌ಟಾಪ್ ಆಗುತ್ತದಲ್ಲ ಎಂಬ ಲೆಕ್ಕ ಯಾರಿಗಾದರೂ ಹೊಳೆಯುವಂಥದ್ದೇ.

ನನಗೆ ಅದು ಬೇಕಾಗಿದ್ದದ್ದು ಟೈಪಿಂಗ್ ಕಲಿಯಲು. ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರರ ಹುದ್ದೆಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೆರಳಚ್ಚು ಪರೀಕ್ಷೆ ಪಾಸಾಗಿರಬೇಕು. ಡೇಟಾ ಎಂಟ್ರಿ ಕೆಲಸವೆಂದರೂ ಕೂಡಿಸಿ ಟೈಪ್ ಮಾಡಿಸಿ ನೋಡುತ್ತಾರೆ. ಬೈಲಹೊಂಗಲಕ್ಕೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಶಕ್ತಿ ಯೋಜನೆ ಬಂದ ಮೇಲೆ ನಮಗೆ ಬಸ್ಸಿನ ಖರ್ಚಿಲ್ಲ ನಿಜ, ಆದರೆ ಅಲ್ಲಿ ಯಂತ್ರದ ಮುಂದೆ ಕೂರುವ ಒಂದು ತಾಸಿಗೆ ಬಸ್ಸು ಕಾಯುವುದು, ಹೋಗುವುದು, ಬರುವುದು ಸೇರಿ ಅರ್ಧ ದಿನ. ಮನೆಯಲ್ಲೂ ಎರಡು ತಾಸು ಕೈ ಆಡಿಸಿದರೆ ಬೇಗ ಕೂಡುತ್ತದೆ ಎಂದು ಅಪ್ಪನನ್ನು ಒಪ್ಪಿಸಿದೆ. “ನಿನ್ನ ರೊಕ್ಕ, ನಿನ್ನ ಶಾಣ್ಯಾತನ” ಎಂದರು ಅಪ್ಪ. ಒಪ್ಪಿಗೆಯೋ ಎಚ್ಚರಿಕೆಯೋ ಇವತ್ತಿಗೂ ಗೊತ್ತಾಗಿಲ್ಲ.

ಅಂಗಡಿಯಲ್ಲಿ ನಾನು ಕೇಳಿದ್ದೆಲ್ಲ ತಪ್ಪು ಪ್ರಶ್ನೆ. ಯಾವ ಬಣ್ಣ ಇದೆ, ಕತ್ತಲಲ್ಲಿ ಅಕ್ಷರದ ಕೆಳಗೆ ದೀಪ ಹತ್ತುತ್ತದೆಯೇ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದಿನ, ಟ್ಯಾಬ್ಲೆಟ್ ಬಿದ್ದರೆ ಒಡೆಯುತ್ತದೆಯೇ. ಅಂಗಡಿಯವರು “ಏನೂ ಆಗೂದಿಲ್ಲ ತಗೋ ತಂಗಿ” ಎಂದರು, ತಗೊಂಡೆ. ಕೀಲಿಗಳನ್ನು ಎಣಿಸಲಿಲ್ಲ. ಕನ್ನಡ ಬರೆಯಲು ಯಾವ ಕೀಲಿ ಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಿತ್ತು.

ಕನ್ನಡ ಟೈಪ್ ಮಾಡಲು ಕಂಪ್ಯೂಟರಿನಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು ಇನ್‌ಸ್ಕ್ರಿಪ್ಟ್. ಭಾರತದ ಭಾಷೆಗಳಿಗೆಲ್ಲ ಒಂದೇ ಜೋಡಣೆ: ಹಿಂದಿಯ ಕ ಇರುವ ಕೀಲಿಯಲ್ಲೇ ಕನ್ನಡದ ಕ. ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಸೇರಿಸಿಕೊಂಡರೆ ಸಿಗುವುದು ಇದೇ, ನಾನು ಮೊದಲು ಕೈಯಾಡಿಸಿದ್ದೂ ಇದರ ಮೇಲೆ. ಇನ್ನೊಂದು ಕೆ.ಪಿ. ರಾವ್ ಅವರು ರೂಪಿಸಿದ್ದು. ರಾಜ್ಯ ಸರ್ಕಾರ ಒಪ್ಪಿಕೊಂಡಿರುವುದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವುದು ಆ ಜೋಡಣೆ. ಇಂಗ್ಲಿಷ್‌ನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ಒಂದು ಎಫ್. ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷ್‌ನ 26 ಕೀಲಿಗಳೊಳಗೆ ಕೂರಿಸಿದ್ದಾರೆ ರಾಯರು. ಅದರ ಬೆಲೆ ನನಗೆ ತಿಳಿದದ್ದು ಈ 2,300 ರೂಪಾಯಿ ಹೋದ ಮೇಲೆ.

ಏಕೆಂದರೆ ಇನ್‌ಸ್ಕ್ರಿಪ್ಟ್‌ಗೆ 26 ಸಾಲುವುದಿಲ್ಲ. ಪಿ ಪಕ್ಕದ ಚೌಕ ಆವರಣದ ಕೀಲಿಯಲ್ಲಿ ಡ ಇದೆ. ಎಲ್ ಪಕ್ಕದ ಅರ್ಧವಿರಾಮದಲ್ಲಿ ಚ, ಅದರ ಪಕ್ಕದ ಉದ್ಧರಣ ಚಿಹ್ನೆಯಲ್ಲಿ ಟ. 1 ಅಂಕಿಯ ಎಡಕ್ಕೆ, ಮೂಲೆಯಲ್ಲಿ, ಯಾರೂ ಮುಟ್ಟದ ಒಂದು ಕೀಲಿ ಇರುತ್ತದಲ್ಲ, ಅದರಲ್ಲಿ ಒ ಮತ್ತು ಅದರ ಗುಣಿತ. ಇಂಗ್ಲಿಷ್ ಬರೆಯುವವನಿಗೆ ಇವೆಲ್ಲ ಅಂಚಿನ ಕೀಲಿಗಳು, ವಾರಕ್ಕೊಮ್ಮೆ ಬೇಕಾಗುವಂಥವು. ಸಣ್ಣ ಕೀಬೋರ್ಡ್ ಮಾಡುವವರು ಜಾಗ ಉಳಿಸಲು ಮೊದಲು ಕತ್ತರಿ ಹಾಕುವುದೂ ಇವಕ್ಕೇ. ನನ್ನದರಲ್ಲಿ ಚೌಕ ಆವರಣವನ್ನು ಪಿ ಮೇಲೆ ಹತ್ತಿಸಿದ್ದರು, ಎಫ್‌ಎನ್ ಎಂಬ ಕೀಲಿ ಹಿಡಿದು ಪಿ ಒತ್ತಿದರೆ ಡ. ಇದು ಗೊತ್ತಾಗಲು ಎರಡು ದಿನ ಬೇಕಾಯಿತು. ಢ ಬೇಕೆಂದರೆ ಎಫ್‌ಎನ್, ಶಿಫ್ಟ್, ಪಿ ಮೂರೂ ಒಟ್ಟಿಗೆ. ಹಾರ್ಮೋನಿಯಂ ನುಡಿಸಿದ ಹಾಗೆ! ಮೂಲೆಯ ಕೀಲಿಯ ಜಾಗದಲ್ಲಿ ಎಸ್ಕೇಪ್ ಕೂತಿತ್ತು. ಹಾಗಾಗಿ ‘ಒಂದು’ ಬರೆಯಲಾಗದು, ‘ಬೈಲಹೊಂಗಲ’ದ ಹೊ ಬರೆಯಲಾಗದು, ಒತ್ತಿದರೆ ಪುಟವೇ ಮುಚ್ಚಿಕೊಳ್ಳುತ್ತಿತ್ತು. ಸವದತ್ತಿ ಬಂತು, ರಾಮದುರ್ಗ ಬಂತು, ಕಿತ್ತೂರು ಬಂತು. ಚ ಇದ್ದ ಪುಣ್ಯಕ್ಕೆ ಚನ್ನಮ್ಮನ ಹೆಸರೂ ಬಂತು. ನಮ್ಮೂರಿನದೇ ಕಷ್ಟ.

ಇದಕ್ಕೂ ಮೊದಲು ಇನ್ನೊಂದು ತೊಡಕಿತ್ತು, ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ನಾವು ಬಳಸುವ ಕನ್ನಡ ಕೀಬೋರ್ಡ್ ಆ್ಯಪ್‌ಗಳು ಪರದೆಯ ಮೇಲೆ ಬೆರಳಾಡಿಸಿದರೆ ಕನ್ನಡ ಕೊಡುತ್ತವೆ. ಹೊರಗಿನಿಂದ ಕೀಬೋರ್ಡ್ ಜೋಡಿಸಿದರೆ ಬಹಳಷ್ಟು ಆ್ಯಪ್‌ಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಬರುವುದು ಬರೀ ಇಂಗ್ಲಿಷ್. ನಾಲ್ಕು ಆ್ಯಪ್ ಹಾಕಿ ತೆಗೆದು, ಐದನೆಯದರಲ್ಲಿ ನನಗೆ ಕನ್ನಡ ದಕ್ಕಿತು. ಕೀಬೋರ್ಡ್ ಕೊಳ್ಳುವ ಮೊದಲೇ ಗೆಳತಿಯದೋ ಕಾಲೇಜಿನದೋ ಯಾವುದಾದರೂ ಕೀಬೋರ್ಡನ್ನು ನಿಮ್ಮ ಟ್ಯಾಬ್ಲೆಟ್‌ಗೆ ಹಚ್ಚಿ, ಕನ್ನಡ ಬರುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಅದು ಬರದಿದ್ದರೆ ಯಾವ ಕವರ್ ತಂದರೂ ಅಷ್ಟೇ.

ಸರಿ, ಹೇಗೂ ಸರ್ಕಾರಿ ಕೆಲಸಕ್ಕೆ ನುಡಿಯೇ ಬೇಕು ಎಂದು ಕೆ.ಪಿ. ರಾವ್ ಜೋಡಣೆಗೆ ಬದಲಾದೆ. ಡ ಅಲ್ಲಿ ಡಬ್ಲ್ಯೂನಲ್ಲಿದೆ, ಟ ಕ್ಯೂನಲ್ಲಿದೆ; ಯಾವ ಕಳ್ಳನೂ ಕದಿಯದ ಜಾಗ. ಮುರಗೋಡ ಆರೇ ಕೀಲಿಯಲ್ಲಿ ಪೂರ್ತಿಯಾಯಿತು. ಇನ್ನು ಗೆದ್ದೆ ಎಂದುಕೊಂಡೆ. ಆಗ ಧಾರವಾಡ ಅಡ್ಡ ಬಂತು. ಧಾ ಬರೆಯಲು ಶಿಫ್ಟ್ ಹಿಡಿದು ಡಿ, ಮತ್ತೆ ಶಿಫ್ಟ್ ಹಿಡಿದು ಎ. ಎರಡೂ ಎಡಗೈ ಬೆರಳಿನವು. ಎಡಗೈ ಅಕ್ಷರಕ್ಕೆ ಬಲಗೈಯ ಶಿಫ್ಟ್ ಒತ್ತಬೇಕು ಎಂದು ಕ್ಲಾಸಿನಲ್ಲಿ ಕಲಿಸುತ್ತಾರೆ. ನನ್ನ ಕವರಿನಲ್ಲಿ ಬಲಗಡೆ ಶಿಫ್ಟ್ ಹುಣಸೆ ಬೀಜದಷ್ಟು, ಅದಕ್ಕೆ ಅಂಟಿಕೊಂಡೇ ಮೇಲ್ಮುಖ ಬಾಣದ ಕೀಲಿ. ಕಿರುಬೆರಳು ಚೂರು ಜರುಗಿದರೂ ಕರ್ಸರ್ ಮೇಲಿನ ಸಾಲಿಗೆ ಹಾರಿ, ಧಾರವಾಡ ಅಲ್ಲೆಲ್ಲೋ ಇನ್ನೊಂದು ವಾಕ್ಯದ ನಡುವೆ ಹೋಗಿ ಬೀಳುತ್ತಿತ್ತು. ಇಂಗ್ಲಿಷ್‌ನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯಕ್ಕೆ ಒಂದೋ ಎರಡೋ ಬಾರಿ. ನುಡಿಯಲ್ಲಿ ದೀರ್ಘಕ್ಕೆ ಬೇಕು, ಮಹಾಪ್ರಾಣಕ್ಕೆ ಬೇಕು, ಳ ಣ ಶ ಎಲ್ಲದಕ್ಕೂ ಬೇಕು. ಕನ್ನಡಕ್ಕೆಂದು ಕೀಬೋರ್ಡ್ ಆರಿಸುವವರು ದೀಪ ನೋಡುವ ಬದಲು ಎರಡೂ ಕಡೆಯ ಶಿಫ್ಟ್ ಕೀಲಿ ಎಷ್ಟು ಉದ್ದವಿದೆ ನೋಡಲಿ.

ಹಾಗೂ ಹೀಗೂ ಎರಡು ತಿಂಗಳು ಅದರಲ್ಲೇ ಕೈ ಕೂಡಿಸಿದೆ. ಎಡಗೈಯಿಂದಲೇ ಶಿಫ್ಟ್ ಒತ್ತುವ ಕೆಟ್ಟ ಚಾಳಿಯೂ ಕೂಡಿತು. ಕ್ಲಾಸನ್ನೂ ಬಿಟ್ಟಿದ್ದೆ, ಮನೆಯಲ್ಲೇ ಇದೆಯಲ್ಲ ಎಂದು. ಬೆಳಗಾವಿಯಲ್ಲಿ ಒಂದು ಕಚೇರಿಯ ತಾತ್ಕಾಲಿಕ ಹುದ್ದೆಗೆ ಟೈಪಿಂಗ್ ಪರೀಕ್ಷೆ ಕರೆದರು. ಹತ್ತು ನಿಮಿಷ, ಒಂದು ಪುಟ. ಎದುರಿಗೆ ಮಾಮೂಲಿ ದೊಡ್ಡ ಕೀಬೋರ್ಡ್. ಬೆರಳಿಟ್ಟ ಕೂಡಲೇ ಎದೆ ಧಸಕ್ಕೆಂದಿತು. ನನ್ನ ಬೆರಳುಗಳು ಹೋಗಿ ಬೀಳುತ್ತಿದ್ದದ್ದು ಕೀಲಿಗಳ ನಡುವಿನ ಸಂದಿಗೆ. ಕ್ಯೂ ಒತ್ತಲು ಹೋದರೆ ಡಬ್ಲ್ಯೂ. ‘ಊಟ’ ‘ಊಡ’ ಆಯಿತು, ‘ಪಟ್ಟಿ’ ‘ಪಡ್ಡಿ’ ಆಯಿತು. ಕೆಳಗೆ ನೋಡಿಕೊಂಡು ಒಂದೊಂದೇ ಒತ್ತುತ್ತ ಮುಕ್ಕಾಲು ಪುಟವೂ ಮುಗಿಯಲಿಲ್ಲ. ಕೆಲಸ ಸಿಗಲಿಲ್ಲ. ಪರೀಕ್ಷೆ ಮಾಡಿದವರದ್ದು ಏನೂ ತಪ್ಪಿಲ್ಲ, ಕೀಬೋರ್ಡ್ ಮಾರಿದವರದ್ದೂ ಅಲ್ಲ.

ಮನೆಗೆ ಬಂದು ತಮ್ಮನ ಕಂಪಾಸ್ ಡಬ್ಬಿಯ ಸ್ಕೇಲು ತೆಗೆದು ಅಳೆದೆ. ದೊಡ್ಡ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್. ಮೇಜಿನ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಇದೇ ಅಳತೆ. ಒಂದು ಸಾಲಿಗೆ ಹದಿನೈದು ಕೀಲಿಯ ಜಾಗ ಬೇಕು, ಎಂದರೆ 28 ಸೆಂಟಿಮೀಟರಿಗೂ ಹೆಚ್ಚು. ನನ್ನ ಟ್ಯಾಬ್ಲೆಟ್‌ನ ಅಗಲವೇ 25 ಸೆಂಟಿಮೀಟರ್ ಇಲ್ಲ. ಕವರ್ ಟ್ಯಾಬ್ಲೆಟ್‌ಗಿಂತ ಅಗಲ ಇರಲಾಗದು, ಹಾಗಾಗಿ ಒಂದೊಂದು ಕೀಲಿಯನ್ನೂ 16 ಮಿಲಿಮೀಟರಿನ ಆಸುಪಾಸಿಗೆ ಒತ್ತಿ ಕೂರಿಸಿದ್ದಾರೆ. 8 ಇಂಚಿನ ಟ್ಯಾಬ್ಲೆಟ್‌ನದಾದರೆ 14ಕ್ಕೆ ಇಳಿಯುತ್ತದೆ. ಇದರಲ್ಲಿ ಮೋಸ ಇಲ್ಲ, ಬರೀ ಭಾಗಾಕಾರ ಇದೆ. ಅಂಗಡಿಗೆ ಹೋಗುವಾಗ ಶಾಲೆಯ 15 ಸೆಂಟಿಮೀಟರ್ ಸ್ಕೇಲು ಒಯ್ಯಿರಿ. ಕ್ಯೂ ಕೀಲಿಯ ನಡುವಿನಿಂದ ಪಿ ಕೀಲಿಯ ನಡುವಿನವರೆಗೆ ಇಟ್ಟು ನೋಡಿ. ದೊಡ್ಡ ಕೀಬೋರ್ಡಿನಲ್ಲಿ ಅದು 17 ಸೆಂಟಿಮೀಟರ್, ಸ್ಕೇಲು ಸಾಲುವುದಿಲ್ಲ. ಸ್ಕೇಲಿನೊಳಗೇ ಮುಗಿದುಹೋದರೆ, ಆ ಕೀಬೋರ್ಡಿನಲ್ಲಿ ಕಲಿತ ಬೆರಳು ಪರೀಕ್ಷೆಯ ಕೀಬೋರ್ಡಿನಲ್ಲಿ ದಾರಿ ತಪ್ಪುತ್ತದೆ.

ನನ್ನ ಗೆಳತಿ ಇದನ್ನು ಒಪ್ಪುವುದಿಲ್ಲ. ಧಾರವಾಡದಲ್ಲಿ ಕೆಎಎಸ್‌ಗೆ ಓದುತ್ತಿದ್ದಾಳೆ, ಅಂಥದ್ದೇ ಕವರ್ ಅವಳ ಹತ್ತಿರವೂ ಇದೆ. “ನನಗ ಭಾಳ ಚೊಲೊ ಆಗೇತಿ. ಒಂದ ಚೀಲದಾಗ ಹಿಡೀತದ, ಲೈಬ್ರರ್ಯಾಗ ಒಂದೀಟ ಜಾಗಾ ಸಾಕು” ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಅವಳು ಇಂಗ್ಲಿಷ್‌ನಲ್ಲಿ ಟಿಪ್ಪಣಿ ಬರೆಯುತ್ತಾಳೆ, ವೇಗ ಬೇಕಿಲ್ಲ, ತಪ್ಪಿದರೆ ಅಳಿಸಿದರಾಯಿತು. ಆದರೂ ಅವಳಿಗೆ ನಾನೊಂದು ಮಾತು ಚುಚ್ಚಿದ್ದೇನೆ: ಮುಖ್ಯ ಪರೀಕ್ಷೆಯನ್ನು ಪೆನ್ನು ಹಿಡಿದೇ ಬರೆಯಬೇಕಲ್ಲ, ಕೈಬರಹದ ರೂಢಿ ತಪ್ಪಿಸಿಕೊಳ್ಳುತ್ತಿದ್ದೀಯ ನೀನು ಎಂದು. ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಟಿಪ್ಪಣಿಗೆಂದೇ ಕೊಳ್ಳುವವರೂ ಇನ್ನೆರಡು ಸಂಗತಿ ನೋಡಬೇಕು. ಬಹಳಷ್ಟು ಕವರುಗಳು ಒಂದೇ ಮಾದರಿಯ ಟ್ಯಾಬ್ಲೆಟ್‌ಗೆ ಹೊಲಿಸಿದ ಅಂಗಿ ಇದ್ದ ಹಾಗೆ; ಟ್ಯಾಬ್ಲೆಟ್ ಸತ್ತ ದಿನ ಕವರೂ ಸತ್ತಂತೆ. ಕೀಬೋರ್ಡ್ ಬಿಚ್ಚಿ ಬೇರೆ ಮಾಡಲು ಬರುವಂಥದ್ದಾದರೆ ನಾಳೆ ಇನ್ನೊಂದಕ್ಕೆ ಬಳಸಬಹುದು. ಮತ್ತೆ, ಹಿಂದೆ ಕಾಲು ಚಾಚಿ ನಿಲ್ಲುವ ಕವರಿಗೆ ಮೇಜು ಬೇಕೇ ಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ತೊಡೆಯ ಮೇಲಿಟ್ಟುಕೊಂಡರೆ ಹಿಂದಕ್ಕೆ ಬೀಳುತ್ತದೆ. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಓದುವ ಮೇಜಿದೆ?

ನಾನೀಗ ತಂತಿಯ ಮಾಮೂಲಿ ಕೀಬೋರ್ಡ್ ತಂದಿದ್ದೇನೆ, 450 ರೂಪಾಯಿ. ಅದನ್ನು ಟ್ಯಾಬ್ಲೆಟ್‌ಗೆ ಜೋಡಿಸುವ ಒಟಿಜಿ ಇನ್ನೊಂದು ನೂರು. ಇದನ್ನು ಮೊದಲೇ ಮಾಡಿದ್ದರೆ ಯುವನಿಧಿಯಲ್ಲಿ ಒಂದು ಅರ್ಜಿ ಶುಲ್ಕಕ್ಕೂ ಬೆಳಗಾವಿಯ ಊಟಕ್ಕೂ ಉಳಿಯುತ್ತಿತ್ತು. ಇದಕ್ಕೆ ಬೇರೆ ಚಾರ್ಜ್ ಬೇಡ, ಬ್ಲೂಟೂತ್ ಕೂಡುವುದನ್ನು ಕಾಯುವುದು ಬೇಡ. ತೊಂದರೆ ಇಲ್ಲವೆಂದಲ್ಲ. ಚಾರ್ಜ್ ಆಗುವ ತೂತಿನಲ್ಲೇ ಕೀಬೋರ್ಡ್ ಕೂತಿರುವುದರಿಂದ ಬರೆಯುವಾಗ ಟ್ಯಾಬ್ಲೆಟ್ ಚಾರ್ಜ್ ಮಾಡಲಾಗದು. ಕರೆಂಟು ಇರುವಾಗಲೇ ತುಂಬಿಸಿಟ್ಟುಕೊಳ್ಳಬೇಕು. ಹೊತ್ತುಕೊಂಡು ತಿರುಗಲೂ ಆಗದು, ಚೀಲದಿಂದ ಅರ್ಧ ಹೊರಗೆ ಇಣುಕುತ್ತದೆ. ಬಸ್ಸಿನಲ್ಲಿ ಒಬ್ಬ ಅಜ್ಜಿ “ಇದೇನ ಯವ್ವಾ, ಪೆಟಗಿ ಬಾರಿಸ್ತೀಯೇನ?” ಎಂದು ಕೇಳಿದ್ದರು.

ಕವರನ್ನು ಎಸೆದಿಲ್ಲ. ಟ್ಯಾಬ್ಲೆಟ್ ನಿಲ್ಲಿಸಲು ಅದೇ ಆಧಾರ; ಅದರ ಕೀಬೋರ್ಡನ್ನು ಹಿಂದಕ್ಕೆ ಮಡಚಿಟ್ಟು ಮುಂದೆ ದೊಡ್ಡದನ್ನು ಇಟ್ಟುಕೊಳ್ಳುತ್ತೇನೆ. ಬೈಲಹೊಂಗಲದ ಕ್ಲಾಸಿಗೆ ಮತ್ತೆ ಸೇರಿದ್ದೇನೆ, ಬಲಗೈ ಶಿಫ್ಟಿನ ರೂಢಿ ನಿಧಾನಕ್ಕೆ ಮರಳುತ್ತಿದೆ. ಹೋದ ವಾರ ನಮ್ಮ ಓಣಿಯ ಹುಡುಗಿಯೊಬ್ಬಳು, ದ್ವಿತೀಯ ಬಿ.ಕಾಂ., ಮೊಬೈಲಿನಲ್ಲಿ ಗುಲಾಬಿ ಬಣ್ಣದ ಕವರಿನ ಚಿತ್ರ ತೋರಿಸಿ “ಇದು ಹೆಂಗೈತಿ ಅಕ್ಕಾ?” ಎಂದಳು. ಚಿತ್ರ ದೊಡ್ಡದು ಮಾಡಿ ಪಿ ಪಕ್ಕ ನೋಡಿದೆ, ಬಲಗಡೆಯ ಶಿಫ್ಟ್ ನೋಡಿದೆ. ತಮ್ಮನ ಸ್ಕೇಲನ್ನು ಅವಳ ಕೈಗೆ ಕೊಟ್ಟು, ಅಂಗಡಿಗೆ ಹೋಗಿ ಅಳೆದುಕೊಂಡು ಬಾ ಎಂದೆ. ಸ್ಕೇಲು ಇನ್ನೂ ವಾಪಸ್ ಬಂದಿಲ್ಲ, ತಮ್ಮ ದಿನಾ ಕೇಳುತ್ತಿದ್ದಾನೆ.