106.7ರಲ್ಲಿ ಅಳಿದದ್ದು, 88.3ರಲ್ಲಿ ಉಳಿದದ್ದು

ಎಫ್.ಎಂ. ರೇಡಿಯೊದ ಮುಖದ ಮೇಲೆ 88ರಿಂದ 108ರವರೆಗೆ ಅಂಕಿಗಳಿರುತ್ತವೆ. ಇವು ಮೆಗಾಹರ್ಟ್ಸ್ ಲೆಕ್ಕದಲ್ಲಿ ತರಂಗಗಳ ಆವೃತ್ತಿಯನ್ನು ಸೂಚಿಸುತ್ತವೆ ಎಂಬುದು ಹೈಸ್ಕೂಲು ವಿದ್ಯಾರ್ಥಿಗಳಿಗೆ ಗೊತ್ತಿರುವ ವಿಷಯ. 106.7 ಎಂದರೆ ತರಂಗವು ಸೆಕೆಂಡಿಗೆ ಹತ್ತು ಕೋಟಿ ಅರವತ್ತೇಳು ಲಕ್ಷ ಬಾರಿ ಕಂಪಿಸುತ್ತದೆ ಎಂದರ್ಥ. 88.3 ಎಂದರೆ ಎಂಟು ಕೋಟಿ ಎಂಬತ್ತಮೂರು ಲಕ್ಷ ಬಾರಿ. ಮೊದಲನೆಯದರ ತರಂಗದೂರ ಸುಮಾರು 2.8 ಮೀಟರ್, ಎರಡನೆಯದರದು 3.4 ಮೀಟರ್. ಭೌತವಿಜ್ಞಾನದ ದೃಷ್ಟಿಯಲ್ಲಿ ಇವೆರಡಕ್ಕೂ ಇರುವ ಭೇದ ಇಷ್ಟೇ. ಒಂದೇ ಹಾಡನ್ನು ಎರಡರಲ್ಲೂ ಬಿತ್ತರಿಸಿದರೆ ಕೇಳುವ ಕಿವಿಗೆ ವ್ಯತ್ಯಾಸ ತಿಳಿಯದು.

ಆದರೂ ನ್ಯೂಯಾರ್ಕ್ ಮಹಾನಗರದಲ್ಲಿ ಒಂದು ವಿಚಿತ್ರ ನಡೆಯಿತು. ಅಲ್ಲಿ 106.7ರಲ್ಲಿ ಕೇಳಿಬರುತ್ತಿದ್ದ ಜಾಝ್ ಸಂಗೀತ 1980ರಲ್ಲಿ ನಿಂತೇಹೋಯಿತು. 88.3ರ ಜಾಝ್ ಇಂದಿಗೂ ಉಳಿದಿದೆ. ಏಕೆ ಹೀಗಾಯಿತು? ಇದಕ್ಕೆ ಉತ್ತರ ಅರ್ಧ ವಿಜ್ಞಾನದ ಪಾಠದಲ್ಲಿದೆ, ಇನ್ನರ್ಧ ಪೌರನೀತಿಯ ಪಾಠದಲ್ಲಿದೆ.

ಮೊದಲು ಸಂಗೀತದ ಬಗ್ಗೆ ಎರಡು ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನರ ನಡುವೆ ಬೆಳೆದು ಬಂದದ್ದು ಜಾಝ್. ಒಂದು ಸ್ವರಸಾಲನ್ನು ಹಿಡಿದು ವಾದಕರು ಅಲ್ಲಲ್ಲೇ ಹೊಸದಾಗಿ ಹೆಣೆಯುತ್ತ ಹೋಗುವುದು ಅದರ ಜೀವ. ನಮ್ಮವರು ಮನೋಧರ್ಮ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರದ್ದು. ಹೀಗಾಗಿ ಒಂದು ಕೃತಿ ಹತ್ತು, ಹದಿನೈದು ನಿಮಿಷ ನಡೆಯುವುದುಂಟು. ಮೂರು ನಿಮಿಷಕ್ಕೊಂದು ಹಾಡು, ಹಾಡಿನ ನಡುನಡುವೆ ಜಾಹೀರಾತು ಎಂಬ ಲೆಕ್ಕಾಚಾರಕ್ಕೆ ಇದು ಸುಲಭವಾಗಿ ಒಗ್ಗುವುದಿಲ್ಲ.

ಜಾಝ್‌ಗೆ ಎಫ್.ಎಂ. ಹೇಳಿ ಮಾಡಿಸಿದಂತಿತ್ತು. ಕಂಚಿನ ತಟ್ಟೆಗಳ ಝಣತ್ಕಾರದಲ್ಲಿ ಸೆಕೆಂಡಿಗೆ ಹತ್ತು ಸಾವಿರಕ್ಕೂ ಮೀರಿದ ಕಂಪನಗಳಿರುತ್ತವೆ. ಹಳೆಯ ಮೀಡಿಯಂ ವೇವ್ ಪ್ರಸಾರದಲ್ಲಿ ಇವು ಬಹುಮಟ್ಟಿಗೆ ಕತ್ತರಿಸಿಹೋಗುತ್ತವೆ; ಎಫ್.ಎಂ. ಹದಿನೈದು ಸಾವಿರದವರೆಗೂ ಒಯ್ಯುತ್ತದೆ. ಮಿಂಚು ಗುಡುಗಿನ ಗರಗರ ಸದ್ದೂ ಅದರಲ್ಲಿ ಕಡಿಮೆ. ಇದನ್ನು ಕಂಡುಹಿಡಿದವರು ಎಡ್ವಿನ್ ಆರ್ಮ್‌ಸ್ಟ್ರಾಂಗ್. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರಿಗೆ 1933ರಲ್ಲಿ ಇದರ ಪೇಟೆಂಟ್ ದೊರೆಯಿತು.

ಚರ್ಚಿನ ರೇಡಿಯೊ

ಕೊಲಂಬಿಯ ವಿಶ್ವವಿದ್ಯಾಲಯದಿಂದ ಕೆಲವೇ ಬೀದಿಗಳ ಆಚೆ, ಹಡ್ಸನ್ ನದಿಗೆ ಮುಖ ಮಾಡಿ ರಿವರ್‌ಸೈಡ್ ಚರ್ಚ್ ಇದೆ. 1967ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧವನ್ನು ಖಂಡಿಸಿ ಮಾತನಾಡಿದ್ದು ಇಲ್ಲೇ. ಈ ಚರ್ಚ್ 1961ರ ಜನವರಿ 1ರಂದು 106.7ರಲ್ಲಿ ಡಬ್ಲ್ಯು.ಆರ್.ವಿ.ಆರ್. ಎಂಬ ರೇಡಿಯೊ ಕೇಂದ್ರವನ್ನು ಆರಂಭಿಸಿತು. ಆಗ ಜಾಹೀರಾತು ಇರಲಿಲ್ಲ. ಪ್ರವಚನ, ಚರ್ಚೆ, ಶಾಸ್ತ್ರೀಯ ಸಂಗೀತ, ಇವುಗಳ ಜೊತೆಗೆ ಜಾಝ್. ಎಡ್ ಬೀಚ್ ಎಂಬುವರು ಅಲ್ಲಿ 1961ರಿಂದ 1976ರವರೆಗೆ ‘ಜಸ್ಟ್ ಜಾಝ್’ ಕಾರ್ಯಕ್ರಮ ನಡೆಸಿಕೊಟ್ಟರು. ಒಮ್ಮೆಗೆ ಒಬ್ಬ ಕಲಾವಿದನನ್ನು ಆರಿಸಿಕೊಂಡು ಆತನ ಧ್ವನಿಮುದ್ರಿಕೆಗಳನ್ನು ಸಾವಕಾಶವಾಗಿ ಕೇಳಿಸುವುದು ಅವರ ಕ್ರಮ. ಆ ಕಾರ್ಯಕ್ರಮದ ಟೇಪುಗಳು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ರೇಡಿಯೊ ನಡೆಸುವುದು ಖರ್ಚಿನ ಬಾಬತ್ತು. 1970ರ ದಶಕದಲ್ಲಿ ಕೇಂದ್ರ ಜಾಹೀರಾತು ತೆಗೆದುಕೊಳ್ಳತೊಡಗಿತು. ದಶಕದ ನಡುವಿನ ಹೊತ್ತಿಗೆ ಹಗಲಿರುಳೂ ಜಾಝ್ ಪ್ರಸಾರ ಮಾಡುವ ಕೇಂದ್ರವಾಯಿತು. ಬಳಿಕ ಚರ್ಚ್ ಅದನ್ನು ಸೋಂಡರ್ಲಿಂಗ್ ಎಂಬ ಪ್ರಸಾರ ಕಂಪನಿಗೆ ಮಾರಿತು. ಆ ಕಂಪನಿಯನ್ನು ಅದಕ್ಕಿಂತ ದೊಡ್ಡದಾದ ವಯಾಕಾಮ್ ಕೊಂಡಿತು. ಕೇಳುಗರ ಮಟ್ಟಿಗೆ ಇಷ್ಟರವರೆಗೂ ಏನೂ ಬದಲಾಗಿರಲಿಲ್ಲ. ಅದೇ ಅಂಕಿ, ಅದೇ ಹೆಸರು, ಅದೇ ಸಂಗೀತ. ಬದಲಾಗಿದ್ದದ್ದು ದಾಖಲೆ ಪತ್ರದಲ್ಲಿನ ಒಡೆಯನ ಹೆಸರೊಂದೇ.

1980ರ ಸೆಪ್ಟೆಂಬರ್ 8ರಂದು 106.7ಕ್ಕೆ ಮುಳ್ಳು ತಿರುಗಿಸಿದವರಿಗೆ ಗಿಟಾರಿನ ಹಳ್ಳಿಹಾಡು ಕೇಳಿಸಿತು. ‘ಅರ್ಬನ್ ಕೌಬಾಯ್’ ಚಲನಚಿತ್ರ ತೆರೆಕಂಡಿದ್ದ ವರ್ಷ ಅದು; ಕಂಟ್ರಿ ಎಂದು ಕರೆಯುವ ಆ ಸಂಗೀತಕ್ಕೆ ನಗರಗಳಲ್ಲೂ ಗಿರಾಕಿ ಹುಟ್ಟಿತ್ತು. ಕೇಂದ್ರದ ಹೆಸರು ಡಬ್ಲ್ಯು.ಕೆ.ಎಚ್.ಕೆ. ಎಂದಾಯಿತು. ಅದಾದರೂ ಬಾಳಿತೇ? ಇಲ್ಲ. 1984ರ ಜನವರಿಯಲ್ಲಿ ಕಂಟ್ರಿಯೂ ಹೋಗಿ, ಮೆಲುದನಿಯ ಜನಪ್ರಿಯ ಹಾಡುಗಳ ‘ಲೈಟ್ ಎಫ್.ಎಂ.’ ಬಂತು. 1997ರಲ್ಲಿ ವಯಾಕಾಮ್ ಅದನ್ನು ಮಾರಿತು. ಮುಂದೆ ಅದು ಕ್ಲಿಯರ್ ಚಾನೆಲ್ ಕಂಪನಿಯ ಪಾಲಾಯಿತು. 2014ರಲ್ಲಿ ಆ ಕಂಪನಿಯೇ ಐಹಾರ್ಟ್‌ಮೀಡಿಯ ಎಂದು ಹೆಸರು ಬದಲಿಸಿಕೊಂಡಿತು. ಇಷ್ಟೆಲ್ಲ ಆದರೂ ತರಂಗ ಮಾತ್ರ ಸೆಕೆಂಡಿಗೆ ಅಷ್ಟೇ ಬಾರಿ ಕಂಪಿಸುತ್ತಲೇ ಇತ್ತು!

ಇನ್ನೊಂದು ಜಾಗವೇಕಿಲ್ಲ?

‘ಒಂದು ಅಂಗಡಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯಬಹುದಲ್ಲ?’ ಎಂದು ನೀವು ಕೇಳಬಹುದು. ಇಲ್ಲಿ ಲೆಕ್ಕ ಬೇಕು. 88ರಿಂದ 108ರವರೆಗಿನ ಅಂತರ 20 ಮೆಗಾಹರ್ಟ್ಸ್. ಅಮೆರಿಕದಲ್ಲಿ ಒಂದೊಂದು ನೆಲೆಗೆ 0.2 ಮೆಗಾಹರ್ಟ್ಸ್ ಅಗಲ. ಅಲ್ಲಿಗೆ 100 ನೆಲೆಗಳಾದವು. ಆದರೆ ಒಂದೇ ಊರಿನಲ್ಲಿ ಅಕ್ಕಪಕ್ಕದ ನೆಲೆಗಳನ್ನು ಇಬ್ಬರಿಗೆ ಕೊಟ್ಟರೆ ಒಬ್ಬರ ದನಿ ಇನ್ನೊಬ್ಬರ ಮೇಲೆ ಬೀಳುತ್ತದೆ. ಆದ್ದರಿಂದ ಎರಡು ಕೇಂದ್ರಗಳ ನಡುವೆ 0.8 ಮೆಗಾಹರ್ಟ್ಸ್ ಅಂತರವಿಡುವ ಪದ್ಧತಿ. ಭಾಗಿಸಿ ನೋಡಿ: ಒಂದು ಊರಿಗೆ ಹೆಚ್ಚೆಂದರೆ 25 ಜಾಗ. ನ್ಯೂಯಾರ್ಕಿನಲ್ಲಿ ಅವೆಲ್ಲ ಎಂದೋ ತುಂಬಿಹೋಗಿದ್ದವು. ಒಂದು ಕೇಂದ್ರ ಜಾಝ್ ಬಿಟ್ಟರೆ ಆ ಜಾಝ್‌ಗೆ ಬೇರೆ ಜಾಗ ಸಿಗುವುದಿಲ್ಲ.

ಕೇಳುಗರು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿಕೊಂಡು ಸರ್ಕಾರದ ಸಂಪರ್ಕ ಆಯೋಗಕ್ಕೆ ದೂರಿತ್ತರು. ಅವರ ಮೊಕದ್ದಮೆ 1985ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದವರೆಗೂ ಹೋಯಿತು. ಆದರೆ ಅಷ್ಟರಲ್ಲಿ ಅದೇ ನಗರದ ಡಬ್ಲ್ಯು.ಎನ್.ಸಿ.ಎನ್. ಎಂಬ ಶಾಸ್ತ್ರೀಯ ಸಂಗೀತ ಕೇಂದ್ರದ ಕೇಳುಗರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿಯಾಗಿತ್ತು. 1981ರ ಮಾರ್ಚ್ 24ರಂದು ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತ ತೀರ್ಪು ಅದು. ಯಾವ ಕೇಂದ್ರ ಯಾವ ಸಂಗೀತ ನುಡಿಸಬೇಕೆಂಬುದನ್ನು ಮಾರುಕಟ್ಟೆಗೇ ಬಿಡುವ ಆಯೋಗದ ನೀತಿ ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು. 106.7ಕ್ಕೆ ಜಾಝ್ ಮರಳಲಿಲ್ಲ.

ಕೆಳಗಿನ ಇಪ್ಪತ್ತು ನೆಲೆಗಳು

ಈಗ 88.3ರ ಕಡೆ ಬರೋಣ. ನದಿಯಾಚೆ ನ್ಯೂಜೆರ್ಸಿ ರಾಜ್ಯದ ನ್ಯೂಅರ್ಕ್ ನಗರವಿದೆ. ಹೆಸರು ನ್ಯೂಯಾರ್ಕಿನಂತೆಯೇ ಕೇಳಿಸಿದರೂ ಊರು ಬೇರೆ. ಗಾಯಕಿ ಸಾರಾ ವಾನ್, ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಇಬ್ಬರೂ ಹುಟ್ಟಿದ ಊರು ಅದು. ಅಲ್ಲಿನ ಶಾಲಾ ಮಂಡಳಿ 1948ರಿಂದ 88.3ರಲ್ಲಿ ಡಬ್ಲ್ಯು.ಬಿ.ಜಿ.ಓ. ಎಂಬ ಪುಟ್ಟ ರೇಡಿಯೊ ನಡೆಸುತ್ತಿತ್ತು. 1970ರ ದಶಕದ ಕೊನೆಗೆ ಅದನ್ನು ನ್ಯೂಅರ್ಕ್ ಪಬ್ಲಿಕ್ ರೇಡಿಯೊ ಎಂಬ ಲಾಭರಹಿತ ಸಂಸ್ಥೆಗೆ ವಹಿಸಿಕೊಟ್ಟಿತು. 1979ರಲ್ಲಿ ಅದು ಜಾಝ್ ಕೇಂದ್ರವಾಯಿತು. ಮರುವರ್ಷವೇ ನ್ಯೂಯಾರ್ಕಿನ ಜಾಝ್ ಪ್ರಿಯರು ದಿಕ್ಕು ತೋಚದೆ ನಿಂತಾಗ ಅವರಿಗೆ ಒದಗಿದ್ದು ನದಿಯಾಚೆಯ ಈ ದನಿ.

ಇದು ಏಕೆ ಮಾರಾಟದ ಸುಳಿಗೆ ಸಿಕ್ಕಲಿಲ್ಲ? ಎಫ್.ಎಂ. ಪಟ್ಟಿಯನ್ನು ಈಗಿನ ಜಾಗಕ್ಕೆ ತಂದ 1945ರಲ್ಲೇ ಅಮೆರಿಕದ ಆಯೋಗ ಒಂದು ನಿಯಮ ಮಾಡಿತ್ತು. 88.1ರಿಂದ 91.9ರವರೆಗಿನ ಕೆಳಗಿನ 20 ನೆಲೆಗಳು ಶಿಕ್ಷಣಕ್ಕೆ, ಲಾಭವಿಲ್ಲದ ಪ್ರಸಾರಕ್ಕೆ ಮೀಸಲು. ಅಲ್ಲಿ ಜಾಹೀರಾತು ಮಾರುವಂತಿಲ್ಲ. ಹಾಗಾಗಿ ಲಾಭಕ್ಕೆಂದು ಕೊಳ್ಳುವವರಿಗೆ ಆ ನೆಲೆಗಳು ಬೇಡ. ಚರ್ಚಿನ ಕೇಂದ್ರ ಆರಂಭದಲ್ಲಿ ಜಾಹೀರಾತಿಲ್ಲದೆ ನಡೆದರೂ ಅದು ಕೂತಿದ್ದದ್ದು ಮೇಲಿನ 80ರಲ್ಲಿ. ಊರ ಗೋಮಾಳಕ್ಕೂ ಪೇಟೆ ಬೀದಿಯ ನಿವೇಶನಕ್ಕೂ ಇರುವ ವ್ಯತ್ಯಾಸ ಇದು. ಮಣ್ಣು ಒಂದೇ, ಪಹಣಿ ಬೇರೆ.

ಇನ್ನೊಂದು ಉದಾಹರಣೆ ವಿದ್ಯಾರ್ಥಿಗಳಿಗೆ ಹಿಡಿಸಬಹುದು. ಆರ್ಮ್‌ಸ್ಟ್ರಾಂಗ್ ಅವರ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ನಡೆಸುವ ಡಬ್ಲ್ಯು.ಕೆ.ಸಿ.ಆರ್. ಎಂಬ ಕೇಂದ್ರವಿದೆ. ಅದು 89.9ರಲ್ಲಿ, ಅಂದರೆ ಮೀಸಲು ಪಟ್ಟಿಯಲ್ಲಿದೆ. ಫಿಲ್ ಶಾಪ್ ಎಂಬಾತ 1970ರಲ್ಲಿ ವಿದ್ಯಾರ್ಥಿಯಾಗಿ ಅಲ್ಲಿ ಜಾಝ್ ಕಾರ್ಯಕ್ರಮ ಆರಂಭಿಸಿದರು. ಚಾರ್ಲಿ ಪಾರ್ಕರ್ ಎಂಬ ಒಬ್ಬನೇ ವಾದಕನಿಗೆ ಮೀಸಲಾದ ಬೆಳಗಿನ ಕಾರ್ಯಕ್ರಮವನ್ನು 1981ರಿಂದ ದಶಕಗಳ ಕಾಲ ನಡೆಸಿದರು. 2021ರಲ್ಲಿ ಅವರು ತೀರಿಕೊಂಡಾಗ ಕಣ್ಣೊರೆಸಿಕೊಂಡವರಲ್ಲಿ ಅವರಿಂದಲೇ ಜಾಝ್ ಕಲಿತ ಎರಡು ತಲೆಮಾರಿನವರಿದ್ದರು. ವರ್ಷಕ್ಕೆರಡು ಬಾರಿ ಕೇಳುಗರ ಸಂಖ್ಯೆ ಎಣಿಸಿ ಲಾಭ ನೋಡುವ ಕಡೆ ಇಂಥ ಕಾರ್ಯಕ್ರಮ ಎಷ್ಟು ದಿನ ಉಳಿದೀತು?

ಹಾಗೆಂದು ಮೀಸಲಾತಿಯೊಂದೇ ಸಾಕೆಂದಲ್ಲ. ಪಿಟ್ಸ್‌ಬರ್ಗ್ ನಗರದಲ್ಲಿ ಡುಕೇನ್ ವಿಶ್ವವಿದ್ಯಾಲಯದ 90.5ರ ಕೇಂದ್ರ ಜಾಝ್‌ಗೆ ಹೆಸರಾಗಿತ್ತು. 2011ರಲ್ಲಿ ವಿಶ್ವವಿದ್ಯಾಲಯ ಅದನ್ನು ಇನ್ನೊಂದು ಲಾಭರಹಿತ ಸಂಸ್ಥೆಗೆ ಮಾರಿತು; ಹೊಸಬರು ಜಾಝ್ ಬದಲು ಸುದ್ದಿಗೆ ಒತ್ತುಕೊಟ್ಟರು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮಂಜೂರಾಗಿದ್ದ 110 ಕೋಟಿ ಡಾಲರನ್ನು ಹಿಂದಕ್ಕೆ ಪಡೆಯಿತು. ಇನ್ನು ಮುಂದೆ ಇಂಥ ಕೇಂದ್ರಗಳು ಕೇಳುಗರ ವಂತಿಗೆಯನ್ನೇ ಇನ್ನಷ್ಟು ನೆಚ್ಚಬೇಕು. ನಿಯಮ ಬೇಲಿ ಮಾತ್ರ. ಒಳಗಿನ ಗಿಡಕ್ಕೆ ನೀರೆರೆಯುವವರು ಬೇಕೇ ಬೇಕು.

ನಮ್ಮ ದೇಶದಲ್ಲಿ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸ್ಪಷ್ಟವಾಗಿ ಹೇಳಿದೆ. 2001ರಲ್ಲಿ ಖಾಸಗಿ ಎಫ್.ಎಂ. ಮೊದಲು ಬಂದದ್ದು ಬೆಂಗಳೂರಿಗೆ. ಅಲ್ಲಿನ ಖಾಸಗಿ ಕೇಂದ್ರಗಳಿಗೆ ಹಂಚಿಕೆಯಾದ ಅಂಕಿಗಳಲ್ಲಿ 91.1, 91.9, 92.7, 93.5 ಇವೆ. ಒಂದರಿಂದ ಒಂದನ್ನು ಕಳೆದು ನೋಡಿ, ಮೇಲಿನ ಲೆಕ್ಕ ನೆನಪಾಗುತ್ತದೆ.

ಈ ವಾರ ಮನೆಯಲ್ಲಿ ಒಂದು ಪ್ರಯೋಗ ಮಾಡಿ. ರೇಡಿಯೊದ ಮುಳ್ಳನ್ನು 88ರಿಂದ 108ರವರೆಗೆ ನಿಧಾನವಾಗಿ ತಿರುಗಿಸಿ, ಕೇಳುವ ಪ್ರತಿ ಕೇಂದ್ರದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಎರಡು ಕಾಲಂ ಇರಲಿ: ಅಲ್ಲಿ ಏನು ಕೇಳಿಸುತ್ತಿದೆ, ಅದರ ಒಡೆಯರು ಯಾರು. ಮೊದಲ ಕಾಲಂ ತುಂಬಲು ಕಿವಿ ಸಾಕು. ಎರಡನೆಯದನ್ನು ತುಂಬಲು ಅಪ್ಪ ಅಮ್ಮಂದಿರ ಸಹಾಯ ಬೇಕಾದೀತು. ಒಂದು ವರ್ಷದ ನಂತರ ಅದೇ ಪುಟ ತೆಗೆದು ಮತ್ತೆ ಕೇಳಿ. ಎರಡನೆಯ ಕಾಲಂ ಎಲ್ಲಿ ಬದಲಾಗಿದೆಯೋ ಅಲ್ಲಿ ಮೊದಲನೆಯದು ಏನಾಗಿದೆ ಎಂದು ನೀವೇ ನೋಡಿ.